ಹೊಲಿಗೆಯಿಲ್ಲದ ಸ್ವೆಟರು

ಚಿತ್ತಾಪುರದಲ್ಲಿ ಮನೆಯ ಕಟ್ಟೆಯ ಮೇಲೆ ಕುಳಿತು ಸ್ವೆಟರು ಹೆಣೆಯುವ ಹೆಂಗಸನ್ನು ಕಂಡರೆ ದಾರಿಹೋಕರು ನಗುತ್ತಾರೆ. ವರ್ಷದ ಬಹುಪಾಲು ಬೆವರು ಒರೆಸಿಕೊಳ್ಳುವ ಊರಿನಲ್ಲಿ ಉಣ್ಣೆ ಯಾರಿಗೆ ಬೇಕು ಎಂಬುದು ಅವರ ವಾದ. ಈ ವಾದ ತಪ್ಪು. ತಪ್ಪೆಂದು ತೋರಿಸಲು ಸೀತಾಬಾಯಿಯವರ ಬಳಿ ಬರವಣಿಗೆಯ ಪುರಾವೆಯೇ ಇತ್ತು. ಹಿತ್ತಿಲ ಬಾಗಿಲಿಗೆ ಅವರು ತೂಗುಹಾಕಿದ್ದ ಉಷ್ಣಮಾಪಕವು ಹಿಂದಿನ ವರ್ಷದ ಧನುರ್ಮಾಸದಲ್ಲಿ, ಬೆಳಗಿನ ಐದು ಗಂಟೆಗೆ, ಹದಿನಾರು ದಿನ ಹನ್ನೆರಡು ಡಿಗ್ರಿಗಿಂತ ಕೆಳಗೆ ಇಳಿದಿತ್ತು. ಕ್ಯಾಲೆಂಡರಿನ ಆಯಾ ದಿನದ ಚೌಕದೊಳಗೆ ಅವರೇ ಪೆನ್ಸಿಲಿನಿಂದ ಅಂಕಿ ಬರೆದಿದ್ದರು. ನಕ್ಕವರಲ್ಲಿ ಒಬ್ಬರೂ ಆ ಕ್ಯಾಲೆಂಡರನ್ನು ನೋಡಲು ಒಳಗೆ ಬಂದವರಲ್ಲ.

ಸೀತಾಬಾಯಿಯವರಿಗೆ ಆಗ ಅರವತ್ತಾರು ವರ್ಷ. ಅವರ ತಂದೆ ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ಗುಮಾಸ್ತರಾಗಿದ್ದರು. ಉತ್ತರದ ಕಡೆಯಿಂದ ವರ್ಗವಾಗಿ ಬಂದಿದ್ದ ಗಾರ್ಡ್ ಒಬ್ಬರ ಹೆಂಡತಿ, ಕನ್ನಡದ ಒಂದು ಮಾತೂ ಬಾರದ ಆಕೆ, ಪಕ್ಕದ ಕ್ವಾರ್ಟರ್ಸಿನ ಈ ಹುಡುಗಿಯ ಬೆರಳು ಹಿಡಿದು ಹೆಣಿಗೆ ಕಲಿಸಿದರು. ಮುಂದೆ ಸೀತಾಬಾಯಿಯವರು ಶಹಾಬಾದಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಕರಕುಶಲ ಶಿಕ್ಷಕಿಯಾಗಿ ದುಡಿದು ನಿವೃತ್ತರಾದರು. ಊರೆಲ್ಲ ಅವರನ್ನು ‘ಹೊಲಿಗಿ ಟೀಚರ್’ ಎಂದೇ ಕರೆಯಿತು. ಅವರು ಪ್ರತಿ ಬಾರಿಯೂ ತಿದ್ದಿದರು. ಹೊಲಿಗೆ ಇರುವ ಬಟ್ಟೆಯ ತುಂಡುಗಳನ್ನು ಜೋಡಿಸುತ್ತದೆ, ಹೆಣಿಗೆ ದಾರದಿಂದ ಬಟ್ಟೆಯನ್ನೇ ಹುಟ್ಟಿಸುತ್ತದೆ, ಎರಡೂ ಒಂದೇ ಅಲ್ಲ. ಅವರು ನಿವೃತ್ತರಾದ ದಿನದಿಂದ ಆ ಹುದ್ದೆಗೆ ಇನ್ನೊಬ್ಬರು ಬಂದಿಲ್ಲ. ಕರಕುಶಲ ಕೊಠಡಿಯಲ್ಲಿ ಈಗ ಮುರಿದ ಬೆಂಚುಗಳಿವೆ. ಹದಿಮೂರು ವರ್ಷದ ಹುಡುಗಿಗೆ ತನ್ನ ಕೈಯಾರೆ ಒಂದು ಉಡುಪನ್ನು ಮಾಡಲು ಕಲಿಸುವುದು ಶಿಕ್ಷಣವಲ್ಲವೆಂದು ಯಾರು, ಯಾವ ಸಭೆಯಲ್ಲಿ ತೀರ್ಮಾನಿಸಿದರೋ ತಿಳಿಯದು. ಅಂಥ ಆದೇಶದ ಪ್ರತಿಯನ್ನಂತೂ ಈವರೆಗೆ ಯಾರೂ ತೋರಿಸಿಲ್ಲ.

ಅವರು ಮದುವೆಯಾಗಲಿಲ್ಲ. ಹೆಂಡತಿ ತೀರಿಕೊಂಡ ತಮ್ಮ ಆನಂದತೀರ್ಥರೊಂದಿಗೆ ಚಿತ್ತಾಪುರದ ಮನೆಯಲ್ಲಿ ಇರುತ್ತಿದ್ದರು. ಆನಂದತೀರ್ಥರು ಚಿಕ್ಕಪ್ಪನಿಂದ ಬಂದ ಪ್ರಾಣದೇವರ, ಅಂದರೆ ಹನುಮಂತನ, ಗುಡಿಯ ಪೂಜೆಯನ್ನು ಇಪ್ಪತ್ತೆಂಟು ವರ್ಷಗಳಿಂದ ತಾವಾಗಿ ಒಂದು ದಿನವೂ ತಪ್ಪಿಸದೆ ಮಾಡಿಕೊಂಡು ಬಂದವರು. ತಪ್ಪಿದ್ದು ಎರಡೇ ಬಾರಿ, ಹಿಂದಿನ ಎರಡು ಚಳಿಗಾಲಗಳಲ್ಲಿ. ಎರಡು ಬಾರಿಯೂ ನ್ಯುಮೋನಿಯಾ, ಎರಡು ಬಾರಿಯೂ ಆಸ್ಪತ್ರೆ.

ಧನುರ್ಮಾಸದಲ್ಲಿ ಸೂರ್ಯೋದಯಕ್ಕೆ ಮೊದಲೇ ಪೂಜೆ ಮುಗಿದು ಹುಗ್ಗಿಯ ನೈವೇದ್ಯವಾಗಬೇಕು. ತಣ್ಣೀರಿನ ಸ್ನಾನ, ಒದ್ದೆ ಪಂಚೆ, ಕಾಲಡಿಗೆ ಹಾಸುಗಲ್ಲಿನ ತಂಪು. ಮಡಿಯಲ್ಲಿರುವವರು ಹೊಲಿದ ಬಟ್ಟೆ ತೊಡುವಂತಿಲ್ಲ. ಹತ್ತಿಯ ಬಟ್ಟೆಯಾದರೆ ಒಗೆದು ಯಾರೂ ಮುಟ್ಟದಂತೆ ಒಣಗಿಸಿರಬೇಕು. ಉಣ್ಣೆಗೆ ಮಾತ್ರ ಮುಟ್ಟಿದರೆ ಮೈಲಿಗೆಯೆಂಬ ಆ ತೊಡಕಿಲ್ಲ. ಆದ್ದರಿಂದ ಆನಂದತೀರ್ಥರು ಉಣ್ಣೆಯ ಧಾಬಳಿಯೊಂದನ್ನು ಹೊದೆಯುತ್ತಿದ್ದರು. ಆದರೆ ಅಭಿಷೇಕಕ್ಕೆ ಕೈ ಎತ್ತಿದೊಡನೆ ಧಾಬಳಿ ಹೆಗಲಿನಿಂದ ಜಾರುತ್ತಿತ್ತು. ಸೊಂಟಕ್ಕೆ ಬಿಗಿದರೆ ಎದೆ ಬರಿದಾಗುತ್ತಿತ್ತು.

ಅಕ್ಟೋಬರಿನ ಕೊನೆಯ ವಾರ ವೈದ್ಯರು ಆನಂದತೀರ್ಥರ ಬೆನ್ನಿಗೆ ಸ್ಟೆತಾಸ್ಕೋಪಿಟ್ಟು ಬಹಳ ಹೊತ್ತು ಕೇಳಿದರು.

“ಈ ಸರ್ತಿ ಧನುರ್ಮಾಸ ಬಿಡ್ರಿ ಆಚಾರ್ರ. ಇಲ್ಲಾಂದ್ರ ಎದಿ, ಬೆನ್ನು ಪೂರ್ತಿ ಬೆಚ್ಚಗ ಮುಚ್ಚಿಕೊಂಡು ಮಾಡ್ರಿ. ಎರಡರೊಳಗ ಒಂದು. ಮೂರನೇ ಸರ್ತಿ ಆತಂದ್ರ ನನ್ನ ಕೈಯಾಗ ಏನೂ ಇಲ್ಲ.”

ಮನೆಗೆ ಬಂದು ಆನಂದತೀರ್ಥರು ಊಟ ಮಾಡಲಿಲ್ಲ. ಗುಡಿಯ ಬೀಗದ ಕೈಯನ್ನು ಮುಂದಿಟ್ಟುಕೊಂಡು ಕುಳಿತರು. ಪೂಜೆ ಬಿಟ್ಟರೆ ಈ ಮನುಷ್ಯ ಉಳಿಯುವುದಿಲ್ಲ, ಬಿಡದಿದ್ದರೂ ಉಳಿಯುವುದಿಲ್ಲ ಎಂಬುದು ಸೀತಾಬಾಯಿಯವರಿಗೆ ಸ್ಪಷ್ಟವಾಯಿತು. ಅವರು ಎದ್ದು ಪೆಟ್ಟಿಗೆಯಿಂದ ತಾವೇ ಹಿಂದೆಂದೋ ಹೆಣೆದ ಹಳೆಯ ಟೋಪಿಯೊಂದನ್ನು ತಂದರು.

“ಆನಂದ್ಯಾ, ಇದರಾಗ ಹೊಲಿಗಿ ಎಲ್ಲದ ತೋರಿಸು.”

“ಈಗ್ಯಾಕ ಟೊಪಿಗಿ?”

“ತೋರಿಸು ಅಂದ್ರ ತೋರಿಸು.”

ಸೀತಾಬಾಯಿಯವರು ತುದಿಯ ಗಂಟು ಬಿಡಿಸಿ ದಾರ ಎಳೆದರು. ಟೋಪಿ ಸಾಲುಸಾಲಾಗಿ ಬಿಚ್ಚಿಕೊಂಡು ಎರಡು ನಿಮಿಷದಲ್ಲಿ ಅವರ ತೊಡೆಯ ಮೇಲೆ ಗುಂಗುರು ದಾರದ ಗುಪ್ಪೆಯಾಯಿತು.

“ಒಂದೇ ಎಳಿ. ಕತ್ತರಿ ಇಲ್ಲ, ಹೊಲಿಯೋ ಸೂಜಿ ಇಲ್ಲ. ಸ್ವೆಟರನ್ನೂ ಹಿಂಗೇ ಹೆಣಿಲಿಕ್ಕೆ ಬರ್ತದ. ಕೊರಳಿಂದ ಶುರು ಮಾಡಿ ಕೆಳಗ ಇಳಕೋತ ಹೋಗೋದು. ಎದಿ, ಬೆನ್ನು, ತೋಳು ಎಲ್ಲಾ ಒಂದರಾಗೇ ಹುಟ್ಟಿ ಬರ್ತಾವ. ಜೋಡಿಸೋ ಪ್ರಶ್ನೇನೇ ಇಲ್ಲ.”

ಆನಂದತೀರ್ಥರು ದಾರದ ಗುಪ್ಪೆಯನ್ನು ತಿರುಗಿಸಿ ನೋಡಿದರು. ಅವರು ಹಟಮಾರಿ, ಆದರೆ ಕಣ್ಣೆದುರಿಗಿದ್ದುದನ್ನು ಇಲ್ಲವೆನ್ನುವವರಲ್ಲ.

“ಹೊಲಿಗಿ ಇಲ್ಲ, ಖರೆ. ಆದ್ರ ಉಣ್ಣಿ ಖರೇ ಉಣ್ಣಿನೇ ಇರಬೇಕು ಅಕ್ಕಾ. ಬ್ಯಾರೆ ಏನರ ಕೂಡಿತ್ತಂದ್ರ ಗರ್ಭಗುಡಿಯೊಳಗ ನಾ ಹಾಕ್ಕೊಳ್ಳಂಗಿಲ್ಲ. ಮತ್ತ ಬಿಗಿ ಆಗಬಾರ್ದು. ಕೈ ಎತ್ತಿದ್ರ ಎಳಿಬಾರ್ದು, ಜನಿವಾರ ಸಿಕ್ಕೊಳ್ಳಬಾರ್ದು.”

“ಭಾಳ ಆತು ನಿನ್ನ ಕರಾರು. ನಿಂದರು, ಅಳತಿ ತಗೋತೀನಿ.”

ಎದೆಯ ಸುತ್ತಳತೆ ತೊಂಬತ್ತೆರಡು ಸೆಂಟಿಮೀಟರು. ಸಡಿಲಿಕೆಗೆ ಇನ್ನೂ ಇಪ್ಪತ್ತು ಸೇರಿಸಿ ನೂರ ಹನ್ನೆರಡೆಂದು ಸೀತಾಬಾಯಿಯವರು ಬರೆದುಕೊಂಡರು. ಧನುರ್ಮಾಸ ಡಿಸೆಂಬರ್ ಹದಿನಾರಕ್ಕೆ ಹಿಡಿಯುತ್ತಿತ್ತು.

ಮರುದಿನವೇ ರೈಲು ಹಿಡಿದು ವಾಡಿಯಲ್ಲಿ ಬದಲಿಸಿ ಶಹಾಬಾದಿಗೆ ಹೋದರು. ಅಲ್ಲಿ ತಾರೀಕ ಎಂಬವರ ದಾರ, ಗುಂಡಿ, ಲೇಸುಗಳ ಅಂಗಡಿ. ತಾರೀಕರ ಇಬ್ಬರು ಅಕ್ಕಂದಿರು ಸೀತಾಬಾಯಿಯವರ ವಿದ್ಯಾರ್ಥಿನಿಯರಾಗಿದ್ದರು.

“ಬರ್ರಿ ಟೀಚರ್, ಕುಂದ್ರಿ. ಈ ಸಲ ಯಾರ ಕೂಸಿಗಿ ಟೊಪಿಗಿ?”

“ಕೂಸಿಗಿ ಅಲ್ಲ, ಅರವತ್ತೊಂದು ವರ್ಷದ ಹಟಮಾರಿಗಿ. ನೂರಕ್ಕ ನೂರು ಉಣ್ಣಿ ಬೇಕು.”

ತಾರೀಕ ಮೇಲಿನ ಕಪಾಟಿನಿಂದ ಕೆನೆಬಣ್ಣದ ಲಡಿಗಳ ಕಟ್ಟೊಂದನ್ನು ಇಳಿಸಿದರು. ಪಟ್ಟಿಯ ಮೇಲೆ ಕುರಿಯ ಚಿತ್ರವಿತ್ತು. ‘ಶುದ್ಧ ಉಣ್ಣೆ’ ಎಂದು ಮೂರು ಭಾಷೆಗಳಲ್ಲಿ ಅಚ್ಚಾಗಿತ್ತು. ತೂಕವಿತ್ತು, ಒಟ್ಟಿಗೆ ಬಣ್ಣ ಹಾಕಿದ ತಂಡದ ಸಂಖ್ಯೆಯಿತ್ತು. ಸೀತಾಬಾಯಿಯವರು ಎಲ್ಲ ಲಡಿಗಳ ಸಂಖ್ಯೆ ಒಂದೇ ಇದೆಯೆಂದು ತಾಳೆ ನೋಡಿದರು, ಗದ್ದದ ಕೆಳಗೆ ಒತ್ತಿಕೊಂಡು ಮೆತ್ತಗಿದೆಯೆಂದು ಖಚಿತಪಡಿಸಿಕೊಂಡರು, ಕೊಂಡರು.

ಒಂದು ಪರೀಕ್ಷೆಯನ್ನು ಮಾತ್ರ ಮಾಡಲಿಲ್ಲ. ಮೂವತ್ತೊಂದು ವರ್ಷ ಪ್ರತಿ ಜೂನಿನಲ್ಲಿ ಹುಡುಗಿಯರಿಗೆ ಮೊದಲ ಪಾಠವಾಗಿ ಮಾಡಿ ತೋರಿಸಿದ ಪರೀಕ್ಷೆ ಅದು. ಮೂರು ಭಾಷೆಯ ಅಚ್ಚನ್ನು ನಂಬಿದರು.

ಕೊರಳಿಗೆ ಎಂಬತ್ತು ಕುಣಿಕೆ ಹಾಕಿದರು. ಎದೆಗೆ ಇಪ್ಪತ್ತಾರು, ಬೆನ್ನಿಗೆ ಇಪ್ಪತ್ತಾರು, ತೋಳಿಗೆ ಹದಿನಾಲ್ಕು ಹದಿನಾಲ್ಕು. ಇವು ಸೇರುವ ನಾಲ್ಕು ಕಡೆಗಳಲ್ಲಿ ಒಂದು ಸುತ್ತು ಬಿಟ್ಟು ಒಂದು ಸುತ್ತಿಗೆ ಒಟ್ಟು ಎಂಟು ಕುಣಿಕೆ ಹೆಚ್ಚಿಸುತ್ತ ಹೋಗಬೇಕು. ಇಪ್ಪತ್ತೊಂಬತ್ತು ಬಾರಿ ಹೆಚ್ಚಿಸಿದಾಗ ಹೆಣಿಗೆಯ ಕಡ್ಡಿಯ ಮೇಲೆ ಮುನ್ನೂರ ಹನ್ನೆರಡು ಕುಣಿಕೆಗಳಾಗಿ, ಹೆಗಲಿನಿಂದ ಕಂಕುಳದವರೆಗಿನ ದುಂಡು ಹೊದಿಕೆಯಂಥ ಮೇಲ್ಭಾಗ ಸಿದ್ಧವಾಗುತ್ತದೆ. ಮೇಲಿನಿಂದ ಹೆಣೆಯುವುದರ ದೊಡ್ಡ ಅನುಕೂಲವೆಂದರೆ ಅರ್ಧದಲ್ಲಿಯೇ ತೊಡಿಸಿ ನೋಡಬಹುದು. ನವೆಂಬರ್ ಇಪ್ಪತ್ತೈದರ ಸಂಜೆ ಅವರು ಕುಣಿಕೆಗಳನ್ನು ಉದ್ದನೆಯ ದಾರಕ್ಕೆ ದಾಟಿಸಿ ತಮ್ಮನ ತಲೆಯ ಮೇಲಿಂದ ಇಳಿಸಿದರು.

ಆನಂದತೀರ್ಥರು ಎರಡೂ ಕೈ ಎತ್ತಿದರು, ಇಳಿಸಿದರು, ಮತ್ತೆ ಎತ್ತಿದರು. ತುಂಬಿದ ಕೊಡವನ್ನು ಬಗ್ಗಿಸುವಂತೆ ಮಾಡಿ ನೋಡಿದರು. ಎಲ್ಲಿಯೂ ಎಳೆಯಲಿಲ್ಲ. ಅವರ ಮುಖದಲ್ಲಿ ತಿಂಗಳಿನಿಂದ ಕಾಣದಿದ್ದ ನಗೆಯೊಂದು ಮೂಡಿತು.

“ಹಗೂರ ಅದ ಅಕ್ಕಾ. ಖರೇ ಉಣ್ಣಿನೇ ಅಲ್ಲ?”

ಹೌದೆನ್ನಲು ಬಾಯಿ ತೆರೆದ ಸೀತಾಬಾಯಿಯವರು ತಡೆದುಕೊಂಡರು. ತಾವು ನೋಡದ ಸಂಗತಿಗೆ ಹೌದೆಂದು ಹೇಳುವ ರೂಢಿ ಅವರಿಗಿರಲಿಲ್ಲ. ತಮ್ಮನು ಸಂಧ್ಯಾವಂದನೆಗೆ ಕುಳಿತ ಮೇಲೆ ಒಂದು ಗೇಣು ದಾರವನ್ನು ಹಿತ್ತಿಲಿಗೆ ಒಯ್ದು ಬೆಂಕಿಕಡ್ಡಿ ಗೀರಿದರು. ಉಣ್ಣೆಯಾಗಿದ್ದರೆ ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾಗಬೇಕಿತ್ತು. ದಾರ ಕರಗಿತು. ಪ್ಲಾಸ್ಟಿಕ್ಕಿನ ವಾಸನೆ ಬಂತು. ತುದಿಯಲ್ಲಿ ಕಪ್ಪು ಮಣಿಯಂಥ ಗಟ್ಟಿ ಉಂಡೆ ನಿಂತಿತು. ಇನ್ನೊಂದು ಲಡಿ ಸುಟ್ಟರು, ಮತ್ತೊಂದು ಸುಟ್ಟರು. ಎಲ್ಲವೂ ಅಕ್ರಿಲಿಕ್.

ಸಿಟ್ಟು ಮೊದಲು ಆ ಪಟ್ಟಿ ಅಚ್ಚುಹಾಕಿದವರ ಮೇಲೆ ಬಂತು. ಒಂದು ಸುಳ್ಳನ್ನು ಮೂರು ಭಾಷೆಗಳಲ್ಲಿ ಅಚ್ಚುಹಾಕುವ ಧೈರ್ಯವಿದೆ, ಕೇಳುವವರಿಲ್ಲ! ಅನಂತರ ತಮ್ಮ ಮೇಲೆಯೇ ಬಂತು. ಸಿಟ್ಟು ಇಳಿದಾಗ ಇನ್ನೊಂದು ಯೋಚನೆ ಮೆಲ್ಲಗೆ ಬಂದು ಪಕ್ಕದಲ್ಲಿ ಕುಳಿತಿತು. ಇದು ಯಾರಿಗೂ ಗೊತ್ತಿಲ್ಲ. ಉಳಿದಿರುವುದು ಇಪ್ಪತ್ತೊಂದು ದಿನ. ಹೌದು, ಉಣ್ಣೆಯೇ ಎಂದರೆ ತಮ್ಮ ತೊಡುತ್ತಾನೆ, ಎದೆ ಬೆಚ್ಚಗಿರುತ್ತದೆ. ಜೀವಕ್ಕಿಂತ ದೊಡ್ಡದೇ ದಾರ?

ಅವರು ಆ ಯೋಚನೆಯನ್ನು ಪೂರ್ತಿ ಕೇಳಿಸಿಕೊಂಡರು. ನಂತರ ಒಳಗೆ ಹೋಗಿ, ಸಂಧ್ಯಾವಂದನೆ ಮುಗಿಸಿ ಎದ್ದ ತಮ್ಮನ ಮುಂದೆ ಕಪ್ಪು ಮಣಿಯನ್ನು ಇಟ್ಟರು. ಇಪ್ಪತ್ತೆಂಟು ವರ್ಷ ಒಬ್ಬನೇ ಕತ್ತಲಲ್ಲಿ ನಿಯಮ ಪಾಲಿಸಿದವನಿಗೆ, ಅವನಿಗೆ ತಿಳಿಯುವುದಿಲ್ಲವೆಂಬ ಕಾರಣಕ್ಕೇ ಮೋಸ ಮಾಡುವುದು ಅವರಿಂದ ಆಗಲಿಲ್ಲ.

“ಇದು ಉಣ್ಣಿ ಅಲ್ಲ. ನಂದೇ ತಪ್ಪು. ಮದಲ ಸುಟ್ಟು ನೋಡಬೇಕಿತ್ತು.”

ಆನಂದತೀರ್ಥರು ಮಣಿಯನ್ನು ಉರುಳಿಸಿ ನೋಡಿ, “ಇರಲಿ ಬಿಡು, ದೇವರ ಇಚ್ಛಾ” ಎಂದರು. ಅವರ ದನಿ ಬಿದ್ದುಹೋಗಿತ್ತು.

“ದೇವರದಲ್ಲ, ಕಾರಖಾನಿಯವರ ಇಚ್ಛಾ” ಎಂದು ಸೀತಾಬಾಯಿಯವರು ಫೋನೆತ್ತಿಕೊಂಡರು.

ತಾರೀಕ ಆ ಕಡೆಯಿಂದ ಐದು ನಿಮಿಷ ಬೈಸಿಕೊಂಡರು. “ಪಟ್ಟಿ ನಾ ಹಚ್ಚಿದ್ದಲ್ರಿ ಟೀಚರ್, ಆದ್ರೂ ಮಾಲು ನನ್ನ ಅಂಗಡಿದು. ಮಾಫ್ ಮಾಡ್ರಿ, ವಾಪಸ್ ತಗೋತೀನಿ. ಖರೇ ಉಣ್ಣಿ ಬೇಕಂದ್ರ ದುಕಾನದಾಗ ಹುಡುಕಬ್ಯಾಡ್ರಿ. ಚಂದ್ರಂಪಳ್ಳಿ ಕಡಿ ಗುಂಡಮ್ಮ ಅಂತ ಕುರುಬರ ಮುದುಕಿ ಅದಾಳ. ಅಬ್ಬಾನ ಕಾಲದಾಗ ಆಕಿ ಮನಿ ಕಂಬಳಿನೇ ನಾವು ಮಾರ್ತಿದ್ದೆವು. ಆಕಿ ಇನ್ನಾ ಕೈಲೇ ನೂಲ್ತಾಳ.”

ಚಿತ್ತಾಪುರದಿಂದ ಸೇಡಂಗೆ ರೈಲು, ಸೇಡಂನಿಂದ ಚಿಂಚೋಳಿಗೆ ಬಸ್ಸು, ಅಲ್ಲಿಂದ ಚಂದ್ರಂಪಳ್ಳಿ ಕೆರೆಯ ದಾರಿಗೆ ಆಟೊ. ಇಪ್ಪತ್ತೇಳನೆಯ ತಾರೀಖು ಮಧ್ಯಾಹ್ನ ಹನ್ನೆರಡೂವರೆಗೆ ಸೀತಾಬಾಯಿಯವರು ಗುಂಡಮ್ಮನ ಅಂಗಳದಲ್ಲಿದ್ದರು. ಗುಂಡಮ್ಮ ಎಪ್ಪತ್ತು ದಾಟಿದ, ಹಲ್ಲಿಗಿಂತ ಮಾತೇ ಹೆಚ್ಚಿದ್ದ ಹೆಂಗಸು. ರಾಟೆಯ ಮುಂದಿನಿಂದ ಏಳದೆಯೇ ಕೂಗಿದಳು.

“ಬರ್ರಿ ಅಮ್ಮಾರ, ಕುಂದ್ರಿ. ಕಂಬಳಿ ಬೇಕೇನ್ರಿ?”

“ಕಂಬಳಿ ಅಲ್ಲ, ನೂಲು ಬೇಕು. ಅಂಗಿ ಹಂಗ ಹೆಣಿತೀನಿ.”

“ನೂಲಿನ ಅಂಗಿ! ತೊಟ್ಟಾಂವ ಕುರಿ ಹಂಗ ಒದರಾಕ ಹತ್ಯಾನು, ನೋಡ್ರಿ ಮತ್ತ!”

ಸೀತಾಬಾಯಿಯವರು ಈ ಬಾರಿ ಯಾವುದನ್ನೂ ನಂಬಲಿಲ್ಲ. ಮೊದಲು ಕಡ್ಡಿ ಗೀರಿದರು. ಕೂದಲು ಸುಟ್ಟ ವಾಸನೆ ಅಂಗಳವೆಲ್ಲ ಹರಡಿತು, ಬೂದಿ ಪುಡಿಯಾಯಿತು. ಆದರೆ ಮೊದಲ ನೂಲನ್ನು ಕೊರಳಿಗೆ ಸುತ್ತಿಕೊಂಡ ಕ್ಷಣದಲ್ಲಿ ಮುಳ್ಳಿನಂತೆ ಚುಚ್ಚಿತು. ಅದು ದೊಡ್ಡ ಕುರಿಯ ಉಣ್ಣೆ, ಕಂಬಳಿಗೆ ಸರಿ, ಬರಿಮೈಗೆ ಅಲ್ಲ. ಎರಡನೆಯದು ಕಂಬಳಿಯ ಮಗ್ಗಕ್ಕೆಂದು ಹುಣಸೆಬೀಜದ ಗಂಜಿ ಹಚ್ಚಿ ಬಿಗಿ ಮಾಡಿದ ನೂಲು, ಕಡ್ಡಿಯ ಮೇಲೆ ತಂತಿಯಂತೆ ನಿಂತಿತು. ಆಗ ಗುಂಡಮ್ಮ ಮೂಲೆಯ ಬುಟ್ಟಿಯಿಂದ ಕಂದುಗಪ್ಪಿನ ಉಂಡೆಗಳನ್ನು ತೆಗೆದಳು.

“ಇದು ಮರಿಗಳ ಮದಲನೇ ಕತ್ತರಿ ಉಣ್ಣಿ. ಮೊಮ್ಮಗಳ ತೊಟ್ಟಲಿಗಿ ಹಾಸಾಕಂತ ನೂತಿದ್ದೆ. ಗಂಜಿ ಹಚ್ಚಿಲ್ಲ.”

ಸೀತಾಬಾಯಿಯವರು ಅದನ್ನು ಕೊರಳಿಗೆ ಸುತ್ತಿಕೊಂಡು ಅರ್ಧ ಗಂಟೆ ಮಾತಾಡುತ್ತ ಕುಳಿತರು. ಸ್ವಲ್ಪ ಒರಟು, ಆದರೆ ಚುಚ್ಚಲಿಲ್ಲ. ಎಣಿಸಿ ನೋಡಿದರೆ ಇನ್ನೂ ಎರಡು ಉಂಡೆ ಕಡಿಮೆ ಬೀಳುತ್ತಿತ್ತು. ಗುಂಡಮ್ಮ ಅಲ್ಲಿಯೇ ನೂಲಲು ಕುಳಿತಳು. ಎಳೆ ತುಂಡಾಯಿತು. ಆಕೆ ಅಂಗೈಗೆ ಉಗುಳಿ, ಎರಡೂ ತುದಿಗಳನ್ನು ಇಟ್ಟು ಉಜ್ಜಿದಳು. ಎಳೆ ಕೂಡಿಕೊಂಡಿತು.

“ಏ, ಉಗುಳಬ್ಯಾಡ್ರಿ!”

“ಮತ್ತ ಹ್ಯಾಂಗ ಕೂಡಬೇಕ್ರಿ ಅಮ್ಮಾರ? ನಮ್ಮವ್ವ ಹಿಂಗೇ ಮಾಡ್ತಿದ್ಳು, ಆಕಿ ಅವ್ವನೂ ಹಿಂಗೇ.”

“ನೀರು ಹಚ್ಚಿ ತಿಕ್ಕಿದ್ರೂ ಕೂಡ್ತದ. ಇದು ಗುಡಿಯೊಳಗ ಹೋಗೋದದ. ಎಂಜಲಾಗಬಾರ್ದು.”

ಗುಂಡಮ್ಮ ರಾಟೆ ನಿಲ್ಲಿಸಿ ನೆಟ್ಟಗೆ ನೋಡಿದಳು. “ನಾವು ಇದೇ ನೂಲಿನ ಕಂಬಳಿ ನಮ್ಮ ಬೀರಪ್ಪಗ ಹಾಸ್ತೀವಿ. ಅಂವ ಒಂದಿನಾನೂ ಏನೂ ಅಂದಿಲ್ಲ. ನಿಮ್ಮ ದೇವರು ಭಾಳ ನಾಜೂಕು ಅದಾನೇನ್ರಿ?”

ಸೀತಾಬಾಯಿಯವರಿಗೆ ನಗು ತಡೆಯಲಾಗಲಿಲ್ಲ. “ದೇವರಲ್ಲ ಗುಂಡಮ್ಮಾ, ಪೂಜಾರಿ ನಾಜೂಕು. ನನ್ನ ತಮ್ಮ.”

“ಹಂಗ ಅನ್ರಿ ಮತ್ತ” ಎಂದು ಗುಂಡಮ್ಮ ಪಕ್ಕದ ತಂಬಿಗೆಯಿಂದ ಬೆರಳು ಒದ್ದೆ ಮಾಡಿಕೊಂಡು ಮುಂದುವರಿಸಿದಳು. ಆದರೆ ಬುಟ್ಟಿಯಲ್ಲಿದ್ದ ಉಂಡೆಗಳೆಲ್ಲ ಹಳೆಯ ರೀತಿಯಲ್ಲಿಯೇ ಕೂಡಿಸಿದವು. ಚೀಲ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹಿಂದಿರುಗುವಾಗ ಸೀತಾಬಾಯಿಯವರಿಗೆ ಅದೊಂದೇ ಚಿಂತೆ. ಬೆಂಕಿ ಈ ನೂಲನ್ನು ಹೌದೆಂದಿತ್ತು. ತಮ್ಮ ಏನೆನ್ನುವನೋ.

ಆ ರಾತ್ರಿಯೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಬರಿ ನೂಲನ್ನು ಬೇಡವೆನ್ನುವುದು ಸುಲಭ, ಮೈಗೆ ಕೂತ ಸ್ವೆಟರನ್ನು ಬೇಡವೆನ್ನುವುದು ಕಷ್ಟ ಎಂದು ಲೆಕ್ಕ ಹಾಕಿದರು. ಇದು ಪೂರ್ಣ ಪ್ರಾಮಾಣಿಕತೆಯಲ್ಲ, ಅವರಿಗೂ ಗೊತ್ತಿತ್ತು. ನೂಲನ್ನು ಅಂಟುವಾಳದ ನೀರಿನಲ್ಲಿ ನೆನೆಸಿ, ಏಳು ಬಾರಿ ನೀರು ಬದಲಿಸಿ ತೊಳೆದು ನೆರಳಲ್ಲಿ ಒಣಗಿಸಿದರು. ಈ ಬಾರಿ ಹಗಲೂ ರಾತ್ರಿಯೂ ಕುಳಿತು, ಮತ್ತೆ ಎಂಬತ್ತು ಕುಣಿಕೆಯಿಂದ ಶುರುಮಾಡಿದರು. ದಾರ ಮುಗಿದಲ್ಲೆಲ್ಲ ನೀರು ಹಚ್ಚಿ ಉಜ್ಜಿ ಕೂಡಿಸಿದರು, ಗಂಟು ಹಾಕಲಿಲ್ಲ. ತೋಳುಗಳ ಕುಣಿಕೆಗಳನ್ನು ಬೇರೆ ದಾರಕ್ಕೆ ದಾಟಿಸಿಟ್ಟು, ಕಂಕುಳದಲ್ಲಿ ಆರಾರು ಹೊಸ ಕುಣಿಕೆ ಸೇರಿಸಿ ಮೈಯ ಸುತ್ತನ್ನು ನೂರ ಎಂಬತ್ತಕ್ಕೆ ತಂದು ಇಳಿಸುತ್ತ ಹೋದರು, ತೋಳುಗಳನ್ನು ಕೊನೆಗೆ ಹೆಣೆದರು. ಕೊನೆಯ ತುದಿಗಳನ್ನು ಒಳಗೆ ಸೇರಿಸಲು ಸಹ ಹೊಲಿಗೆಯ ಸೂಜಿ ಮುಟ್ಟದೆ, ಕೊಕ್ಕೆಯ ತುದಿಯ ಕ್ರೋಶಾ ಕಡ್ಡಿಯನ್ನೇ ಬಳಸಿದರು.

ಡಿಸೆಂಬರ್ ಹದಿನೈದರ ಮಧ್ಯಾಹ್ನ ನಾಲ್ಕಕ್ಕೆ ಕೆಲಸ ಮುಗಿಯಿತು. ಆನಂದತೀರ್ಥರು ತೊಟ್ಟು ನಿಂತರು. ಸ್ವೆಟರು ತೊಡೆಯ ಅರ್ಧದವರೆಗೆ ಸಡಿಲವಾಗಿ ಇಳಿದಿತ್ತು. ಒಳಗಿನ ಜನಿವಾರವನ್ನು ಎಳೆದು ನೋಡಿದರು, ಸಲೀಸಾಗಿ ಸರಿಯಿತು. ಸೀತಾಬಾಯಿಯವರು ಆಗ ಬಾಯಿಬಿಟ್ಟರು.

“ಆನಂದ್ಯಾ, ಒಂದು ಮಾತು ಉಳದದ. ಇದರ ನೂಲು ಕೂಡಿಸುವಾಗ ಆಕಿ ಉಗುಳು ಹಚ್ಯಾಳ. ಕಡೀ ಎರಡು ಉಂಡಿ ಬಿಟ್ಟು ಉಳದಿದ್ದೆಲ್ಲಾ ಹಂಗೇ. ನಾ ಏಳು ನೀರು ತೊಳದೀನಿ. ಅಷ್ಟು ನನ್ನ ಕೈಯಾಗಿತ್ತು.”

ಆನಂದತೀರ್ಥರು ತೋಳುಗಳನ್ನು ಇಳಿಬಿಟ್ಟರು. ಗೋಡೆಗೆ ತೂಗುಹಾಕಿದ್ದ, ಅಜ್ಜನ ಕಾಲದ ಧಾಬಳಿಯ ಕಡೆಗೆ ನೋಡಿದರು. ಸೀತಾಬಾಯಿಯವರು ಮುಂದೆ ಬರಲಿರುವ ಉತ್ತರಕ್ಕೆ ಮನಸ್ಸನ್ನು ಗಟ್ಟಿ ಮಾಡಿಕೊಂಡರು.

“ಅಕ್ಕಾ, ಆ ಧಾಬಳಿ ನೇದಾಂವ ನೂಲು ಹ್ಯಾಂಗ ಕೂಡಿಸಿದ್ದ?”

“ನನಗೇನು ಗೊತ್ತು?”

“ಗಂಗಾಜಲ ಹಚ್ಚಿ ಕೂಡಿಸಿರಲಿಕ್ಕಿಲ್ಲ, ಹೌದಲ್ಲ? ಎಂಬತ್ತು ವರ್ಷ ಅದನ್ನೇ ಹೊದ್ದು ಮೂರು ತಲಿಮಾರು ಪೂಜಾ ಮಾಡೇವಿ. ಯಾರೂ ಕೇಳಲಿಲ್ಲ. ಈಗ ನಿನ್ನ ಬಾಯಿಲೆ ಕೇಳಿದೆ ಅಂತ ಇದು ಕೆಟ್ಟಿತೇನು? ಕುರಿ ಮೈಮ್ಯಾಲಿದ್ದಾಗ ಅದಕ್ಕ ಏನೇನು ಹತ್ತಿರ್ತದೋ! ತೊಳದೀಯಲ್ಲ, ಮುಗೀತು.” ಆಮೇಲೆ ಕೇಳಿದರು, “ಆಕಿ ಮೊಮ್ಮಗಳ ತೊಟ್ಟಲಿಗಿ ಮತ್ತ ಏನು ಹಾಸ್ತಾಳಂತ?”

“ಜನವರಿ ಕತ್ತರಿ ಬರ್ತದಂತ. ಅಲ್ಲೀತನಕ ಕೂಸು ಆಕಿ ಹೊಟ್ಟಿ ಮ್ಯಾಲ ಮಲಗ್ತದ ಅಂದ್ಳು.”

ಮರುದಿನ ಬೆಳಗಿನ ಐದಕ್ಕೆ ಉಷ್ಣತೆ ಹನ್ನೊಂದು ಡಿಗ್ರಿ. ಆನಂದತೀರ್ಥರು ಮಿಂದು, ಮಡಿಯ ಪಂಚೆಯುಟ್ಟು, ಸ್ವೆಟರು ತೊಟ್ಟು ಗುಡಿಗೆ ನಡೆದರು. ಹಿಂದೆ ಹುಗ್ಗಿಯ ಪಾತ್ರೆಯೊಂದಿಗೆ ಸೀತಾಬಾಯಿಯವರು. ಗರ್ಭಗುಡಿಯ ಬಾಗಿಲ ಹೊರಗೆ ಕಂಬಕ್ಕೆ ಒರಗಿ ಕುಳಿತು ಅವರು ಕಿವಿಗೊಟ್ಟರು. ಕೊಡದಿಂದ ನೀರು ಬಿಡದೆ ಬೀಳುವ ಸದ್ದು, ಅದರ ಮೇಲೆ ತಮ್ಮನ ಮಂತ್ರ. ಕಳೆದ ವರ್ಷ ಎರಡನೆಯ ವಾಕ್ಯಕ್ಕೇ ತುಂಡಾಗುತ್ತಿದ್ದ ದನಿ ಈಗ ಒಂದೇ ಉಸಿರಿನಲ್ಲಿ ಸಾಗಿತ್ತು. ಕೆಮ್ಮು ಬರುವುದೇನೋ ಎಂದು ಕಾದರು. ಬರಲಿಲ್ಲ. ಮೊದಲ ಬೆಳಕಿಗೆ ಮಂಗಳಾರತಿಯಾಯಿತು.

ತೀರ್ಥದ ಬಟ್ಟಲು ಹಿಡಿದು ಹೊರಬಂದ ಆನಂದತೀರ್ಥರ ಹುಬ್ಬು ಗಂಟಿಕ್ಕಿತ್ತು.

“ತೋಳು ಭಾಳ ಉದ್ದ ಮಾಡೀದಿ ಅಕ್ಕಾ. ಅಭಿಷೇಕದ ನೀರೆಲ್ಲಾ ಇದರಾಗೇ ಇಳೀಲಿಕತ್ತದ, ನೋಡು.”

ಎರಡೂ ಮುಂಗೈಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಸೀತಾಬಾಯಿಯವರು ಒದ್ದೆ ಉಣ್ಣೆಯ ಕೆಳಗೆ ಬೆರಳು ತೂರಿಸಿ ತಮ್ಮನ ಮಣಿಕಟ್ಟನ್ನು ಮುಟ್ಟಿದರು. ಬೆಚ್ಚಗಿತ್ತು.

“ತೋಳಿನ ತುದಿ ಕಡೀಗಿ ಹೆಣದದ್ದು. ಅದನ್ನಷ್ಟೇ ಬಿಚ್ಚಿ ಮುಗಿಸಿದ್ರಾತು. ಎಷ್ಟು ಬೆರಳು ಗಿಡ್ಡ ಮಾಡ್ಲಿ?”

“ನಾಕು. ನಾಳಿ ಪೂಜಾಕ್ಕ ಬೇಕು ಮತ್ತ, ತಡಾ ಮಾಡಬ್ಯಾಡ.”

“ನಾಳಿಗಿ ಬೇಕಂದ್ರ ಈಗೇ ಕೊಡು” ಎಂದು ಸೀತಾಬಾಯಿಯವರು ಗುಡಿಯ ಕಟ್ಟೆಯ ಮೇಲೆ, ಆಗಷ್ಟೇ ಬಿಸಿಲು ಬಿದ್ದಿದ್ದ ಕಡೆ ಸರಿದು ಕುಳಿತು, ಸೆರಗಿನ ಗಂಟಿನಿಂದ ಕ್ರೋಶಾ ಕಡ್ಡಿಯನ್ನು ತೆಗೆದರು.